ಬುಧವಾರದ ಇಳಿಬಿಸಿಲು

ಹಾಳೆ ದೊಡ್ಡದು. ಅಡುಗೆಮನೆಯ ಮೇಜಿನ ಮೇಲೆ ಹರಡಿದರೆ ಒಂದು ಅಂಚು ತರಕಾರಿ ಬುಟ್ಟಿಗೆ ತಾಗುತ್ತಿತ್ತು, ಇನ್ನೊಂದು ಅಂಚು ಜೋತುಬಿದ್ದು ಕುರ್ಚಿಯಲ್ಲಿ ಕೂತವರ ಮೊಣಕಾಲು ಸವರುತ್ತಿತ್ತು. ಇತಿಹಾಸ ವಿಭಾಗದವರು ಪದವಿಯ ಮೊದಲ ವರ್ಷ ಮುಗಿಸಿದವರಿಗೆಲ್ಲ ಒಂದೊಂದು ಕೊಟ್ಟಿದ್ದರು. ಉಳಿದ ಎರಡು ವರ್ಷ ಯಾವ ಯಾವ ವಿಷಯದ ಪತ್ರಿಕೆ ಓದುತ್ತೀರಿ, ಯಾವ ದಿನ, ಯಾವ ಹೊತ್ತು ಎಂಬುದನ್ನು ಚೌಕಗಳಲ್ಲಿ ತುಂಬಿ, ಅಧ್ಯಾಪಕರೊಬ್ಬರ ಸಹಿ ಹಾಕಿಸಿ, ಶುಕ್ರವಾರದೊಳಗೆ ಕೊಡಬೇಕು. ಜೊತೆಯ ಹುಡುಗ ಹುಡುಗಿಯರು ಕ್ಯಾಂಟೀನಿನಲ್ಲಿ ಕೂತು ಚಹಾ ಆರುವಷ್ಟರಲ್ಲಿ ತುಂಬಿ ಕೈ ತೊಳೆದುಕೊಂಡಿದ್ದರು. ಅವಳಿಗೆ ಮಾತ್ರ ಇದು ಮುಗಿಯದ ಕೆಲಸವಾಗಿಬಿಟ್ಟಿತ್ತು. ಒಂದು ಚೌಕ ತುಂಬುವಷ್ಟರಲ್ಲಿ ಹಾಲು ಉಕ್ಕುತ್ತಿತ್ತು. ಇನ್ನೊಂದಕ್ಕೆ ಪೆನ್ಸಿಲು ಊರುವಷ್ಟರಲ್ಲಿ ಹೊರಗಿನ ಕೋಣೆಯಿಂದ ಅತ್ತೆ ಕರೆಯುತ್ತಿದ್ದರು.

"ಏನೇ ಅದು? ಮನೆ ಕಟ್ಟೋಕೆ ನಕ್ಷೆ ಹಾಕ್ತಿದ್ದೀಯಾ?"

"ಅಲ್ಲ ಅತ್ತೆ, ಕಾಲೇಜಿಂದು. ಮುಂದಿನ ಎರಡು ವರ್ಷ ಏನು ಓದೋದು ಅಂತ."

"ಎರಡು ವರ್ಷಕ್ಕೆ ಅಷ್ಟು ದೊಡ್ಡ ಹಾಳೆ! ನನ್ನ ಇಡೀ ಜನ್ಮ ಒಂದು ಬಸ್ ಟಿಕೇಟಿನ ಹಿಂದೆ ಬರೆದರೂ ಜಾಗ ಮಿಗುತ್ತೆ."

ಅತ್ತೆ ಬಚ್ಚಲಲ್ಲಿ ಜಾರಿಬಿದ್ದು ಸೊಂಟ ಮುರಿದುಕೊಂಡ ಮೇಲೆ ಕಿಟಕಿಯ ಪಕ್ಕದ ಬೆತ್ತದ ಕುರ್ಚಿಯೇ ಅವರ ರಾಜ್ಯ. ಕಾಲು ನಿಂತುಹೋದ ಮೇಲೆ ಬಾಯಿಗೆ ಇನ್ನಷ್ಟು ಚುರುಕು ಬಂದಿತ್ತು. ರಸ್ತೆಯಲ್ಲಿ ಯಾರು ಹೋದರು, ಯಾರ ಕೈಯಲ್ಲಿ ಎಂಥ ಚೀಲವಿತ್ತು, ಎದುರು ಮನೆಯ ಟೈಲರ್ ಇವತ್ತು ಹೆಂಡತಿಯೊಂದಿಗೆ ಮಾತು ಬಿಟ್ಟಿದ್ದಾನೋ ಇಲ್ಲವೋ, ಎಲ್ಲವೂ ಅವರಿಗೆ ಗೊತ್ತು. ಸೊಸೆ ಮದುವೆಯಾಗಿ ಎಷ್ಟೋ ವರ್ಷಗಳ ಮೇಲೆ ಮತ್ತೆ ಕಾಲೇಜಿಗೆ ಹೋಗುತ್ತೇನೆ ಎಂದಾಗ ಮೊದಲು ಮೂಗು ಮುರಿದವರೂ ಅವರೇ, ಸೀಟು ಸಿಕ್ಕ ದಿನ ಮಗನ ಕೈಗೆ ಸುತ್ತಿಗೆ ಕೊಟ್ಟು ಎದುರಿನ ಗೋಡೆಗೆ ಒಂದು ಮೊಳೆ ಹೊಡೆಸಿದವರೂ ಅವರೇ. ಪದವಿ ತಗೊಳ್ಳುವಾಗ ಕಪ್ಪು ನಿಲುವಂಗಿ ಹಾಕಿಕೊಂಡು ಫೋಟೋ ತೆಗೆಸಿಕೊಳ್ಳುತ್ತಾರಲ್ಲ, ಅದಕ್ಕೆ ಆ ಮೊಳೆ. "ಮೂರು ವರ್ಷ ಅಂದಿದ್ದೀಯ. ಮೂರು ವರ್ಷ ನಾನು ಗಟ್ಟಿಯಾಗಿ ಕೂತಿರ್ತೀನಿ. ಆಮೇಲಿನದಕ್ಕೆ ನಾನು ಜವಾಬ್ದಾರಳಲ್ಲ," ಎಂದಿದ್ದರು. ಬರಿಯ ಮೊಳೆ ಚೆನ್ನಾಗಿ ಕಾಣುವುದಿಲ್ಲವೆಂದು ಗಂಡ ಅದಕ್ಕೊಂದು ಕ್ಯಾಲೆಂಡರ್ ತೂಗುಹಾಕಿದ್ದ. ಅತ್ತೆ ತಿಂಗಳಿಗೊಮ್ಮೆ ಅದರ ಹಾಳೆ ಹರಿಸುವಾಗ, "ಸೀರಿಯಸ್ಸಾಗಿ ಓದು, ಜಾಗ ಖಾಲಿ ಆಗ್ತಾ ಬರ್ತಿದೆ," ಎಂದು ನೆನಪಿಸುತ್ತಿದ್ದರು.

ಅವಳು ಹಾಳೆ ತುಂಬಿದ ರೀತಿಯೇ ಬೇರೆ. ಮೊದಲು ಅಂಚಿನಲ್ಲಿ ಮನೆಯನ್ನು ಬರೆದಿದ್ದಳು. ಗಂಡ ಬೇಕರಿಯಲ್ಲಿ ಬ್ರೆಡ್ಡು ಸುಡುವವನು. ಬೆಳಕು ಹರಿಯುವ ಮುಂಚೆ ಎದ್ದು ಹೋಗಿ ಮಧ್ಯಾಹ್ನ ಬಂದು, ಉಂಡು, ದಿಂಬಿಗೆ ತಲೆ ಕೊಟ್ಟರೆ ಸಂಜೆಯವರೆಗೆ ಇಲ್ಲದವನ ಲೆಕ್ಕ. ಮಗಳಿಗೆ ಮನೆಯಲ್ಲಿ ಎಲ್ಲರೂ ಗಿಣಿ ಎನ್ನುವುದು. ಅವಳ ಬಾಯಿ ಮುಚ್ಚಿದ್ದನ್ನು ಕಂಡವರಿಲ್ಲ. ಮಗಳನ್ನು ಶಾಲೆಗೆ ಬಿಟ್ಟು, ಅತ್ತೆಗೆ ಸ್ನಾನ ಮಾಡಿಸಿ, ಹತ್ತಕ್ಕೆ ಕಾಲೇಜಿನಲ್ಲಿದ್ದರೆ ಒಂದಕ್ಕೆ ಹೊರಟು ಅತ್ತೆಯ ಊಟದ ಹೊತ್ತಿಗೆ ಮನೆ ಸೇರಬಹುದು. ಹಾಗಾಗಿ ಪತ್ರಿಕೆಗಳ ಪಟ್ಟಿಯಲ್ಲಿ ಹತ್ತರಿಂದ ಒಂದರೊಳಗೆ ಬಾರದ್ದನ್ನೆಲ್ಲ ಹೊಡೆದುಹಾಕಿದಳು. ಉಳಿದವುಗಳನ್ನು, ಅಂಗಡಿ ಮುಚ್ಚುವ ಹೊತ್ತಿಗೆ ಬುಟ್ಟಿಯ ತಳದಲ್ಲಿ ಉಳಿದ ತರಕಾರಿ ಆರಿಸುವ ಹಾಗೆ ಆರಿಸಿ ಚೌಕಗಳಿಗೆ ಹಾಕಿದಳು. ಸೋಮವಾರ ಹಡಗಿನ ವ್ಯಾಪಾರ. ಮಂಗಳವಾರ ರೋಗಗಳ ಇತಿಹಾಸ. ಬುಧವಾರ ಬೆಳಿಗ್ಗೆ, ಇತಿಹಾಸ ಬರೆಯುವ ಬಗೆ. ಅದು ಕಡ್ಡಾಯ, ಅದನ್ನು ಮುಗಿಸದವರಿಗೆ ಕೊನೆಯ ವರ್ಷದ ಬಾಗಿಲು ತೆರೆಯುವುದಿಲ್ಲ. ಗುರುವಾರ ರೈಲು ಬಂದ ಮೇಲಿನ ಪಟ್ಟಣಗಳು.

ಒಂದೇ ಒಂದು ಚೌಕದಲ್ಲಿ ಮಾತ್ರ ಕೈ ತಡೆದಿತ್ತು. ಬುಧವಾರ ಮಧ್ಯಾಹ್ನ ಎರಡರಿಂದ ಐದು. ಅಲ್ಲಿ ಅವಳು ಮೆಲ್ಲಗೆ, ಪೆನ್ಸಿಲು ಒತ್ತಿದರೆ ಯಾರಿಗಾದರೂ ಕೇಳಿಸೀತೇನೋ ಎಂಬಂತೆ ಬರೆದಿದ್ದಳು: ಹಳೆಯ ಬರಹಗಳ ಓದು. ಬರೆದು ಅಳಿಸಿದಳು. ಮಾರನೆಯ ದಿನ ಪಾತ್ರೆ ತೊಳೆದು ಕೈ ಒರೆಸಿಕೊಂಡು ಮತ್ತೆ ಬರೆದಳು, ಮತ್ತೆ ಅಳಿಸಿದಳು. ಬುಧವಾರವೆಂದರೆ ಗಿಣಿಗೆ ಅರ್ಧ ದಿನ ಶಾಲೆ. ಬೆಳಿಗ್ಗೆ ಮೂರು ಗಂಟೆ, ಮಧ್ಯಾಹ್ನ ಮೂರು ಗಂಟೆ ಹೊರಗಿದ್ದರೆ ಮನೆ ಏನಾಗಬೇಕು? ಆ ಚೌಕದ ಕಾಗದ ಉಜ್ಜಿ ಉಜ್ಜಿ ತೆಳುವಾಗಿ, ತೊಳೆದು ತೊಳೆದು ಸವೆದ ಬಟ್ಟೆಯ ಹಾಗೆ ನೂಲೆದ್ದಿತ್ತು.

ಆ ಒಂದು ಪತ್ರಿಕೆಯ ಆಸೆಗೆ ಅವಳು ಕಾಲೇಜಿಗೆ ಸೇರಿದ್ದು ಎಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೇಳಿದ್ದರೆ ನಗುತ್ತಿದ್ದರು. ಬಟ್ಟೆ ಒಗೆಯುವ ಒಂದು ಕಲ್ಲಿಗಾಗಿ ಯಾರಾದರೂ ಪದವಿ ಓದುತ್ತಾರೆಯೇ?

ಅವಳು ಬೆಳೆದ ಬೀದಿಯ ಹಿಂದೆ ಎಲ್ಲರಿಗೂ ಸೇರಿದ ನೀರಿನ ತೊಟ್ಟಿಯಿತ್ತು. ಅದರ ಪಕ್ಕ ವಾರೆಯಾಗಿ ಮಲಗಿದ ಒಂದು ಚಪ್ಪಡಿ. ಹೆಂಗಸರು ಅದರ ಒಂದು ತುದಿಯಲ್ಲಿ ಬಟ್ಟೆ ಒಗೆಯುತ್ತಿದ್ದರು. ಆ ತುದಿ ನುಣುಪಾಗಿ ಹೋಗಿತ್ತು. ಒದ್ದೆಯಾಗದ ಇನ್ನೊಂದು ತುದಿಯಲ್ಲಿ ಕೆತ್ತಿದ ಗೆರೆಗಳಿದ್ದವು. ಅಮ್ಮ ಬಟ್ಟೆ ಒಗೆಯುವಾಗ ಅವಳು ಆ ತುದಿಗೆ ಎರಡೂ ಮುಂಗೈ ಊರಿ, ಗಲ್ಲ ಇಟ್ಟು, ನೊರೆ ಹರಿಯುವುದನ್ನು ನೋಡುತ್ತ ಒರಗಿರುತ್ತಿದ್ದಳು. ಎದ್ದಾಗ ಮುಂಗೈ ಮೇಲೆ ಗೆರೆಗಳು ಮೂಡಿರುತ್ತಿದ್ದವು. ಅಮ್ಮ ಒದ್ದೆ ಕೈಯಿಂದ ಆ ಪುಟ್ಟ ಕೈ ಹಿಡಿದು ಬೆಳಕಿಗೆ ತಿರುಗಿಸಿ, ಕಣ್ಣು ಕಿರಿದು ಮಾಡಿ ಓದುತ್ತಿದ್ದಳು.

"ಏನಂತ ಬರೆದಿದೆ ಗೊತ್ತಾ? ಈ ಹುಡುಗಿ ಇವತ್ತು ಹಾಲು ಕುಡಿದಿಲ್ಲ ಅಂತ ಬರೆದಿದೆ."

ಮರುದಿನ ಬೇರೆ ಓದು. ಈ ಹುಡುಗಿ ಅಪ್ಪನ ಪೆನ್ನು ಮುರಿದು ಹಾಸಿಗೆ ಕೆಳಗೆ ಬಚ್ಚಿಟ್ಟಿದ್ದಾಳೆ. ಈ ಹುಡುಗಿಗೆ ಹೊಸ ಫ್ರಾಕು ಬೇಕಂತೆ, ಕೊಡಬೇಕೋ ಬೇಡವೋ ಕಲ್ಲು ಇನ್ನೂ ಯೋಚನೆ ಮಾಡ್ತಿದೆಯಂತೆ. ಅಮ್ಮನಿಗೆ ತನ್ನ ಹೆಸರು ಬರೆಯುವುದರಾಚೆ ಅಕ್ಷರ ಬರುತ್ತಿರಲಿಲ್ಲ ಎಂಬುದು ಅವಳಿಗೆ ತಿಳಿದದ್ದು ಎಷ್ಟೋ ಆಮೇಲೆ. ಅಷ್ಟು ಹೊತ್ತಿಗೆ ಅಮ್ಮ ಇರಲಿಲ್ಲ. ರಸ್ತೆ ಅಗಲ ಮಾಡಿದಾಗ ತೊಟ್ಟಿ ಒಡೆದರು, ಕಲ್ಲು ಎತ್ತಿಕೊಂಡು ಹೋದರು. ಎಲ್ಲಿಗೆ ಎಂದು ಕೇಳುವ ವಯಸ್ಸು ಅವಳದಲ್ಲ, ಕೇಳಬೇಕು ಅಂತ ಅನಿಸಿದವರು ಬೇರೆ ಯಾರೂ ಇರಲಿಲ್ಲ.

*

ಹಳೆಯ ಬರಹಗಳ ಓದು ಕಲಿಸುವವರನ್ನು ವಿದ್ಯಾರ್ಥಿಗಳು ಬೆನ್ನ ಹಿಂದೆ ಭೂತಗನ್ನಡಿ ಮೇಡಂ ಎನ್ನುತ್ತಿದ್ದರು. ಕುತ್ತಿಗೆಗೆ ದಾರ ಕಟ್ಟಿ ಒಂದು ಭೂತಗನ್ನಡಿ ಜೋತುಬಿಟ್ಟುಕೊಂಡಿರುತ್ತಿದ್ದರು. ಹಾಳೆಗೆ ಸಹಿ ಹಾಕಲು ಅವಳ ಪಾಲಿಗೆ ಬಂದವರು ಅವರೇ. ಅವರ ಕೋಣೆ ವಿಭಾಗದ ತೀರ ಹಿಂದೆ, ಉದ್ದನೆಯ ಮೊಗಸಾಲೆಯ ಕೊನೆಗೆ. ಮೊಗಸಾಲೆಯ ಗೋಡೆಗೆ ಒರಗಿಸಿ ಕೆತ್ತನೆಯ ಕಲ್ಲುಗಳನ್ನು ಸಾಲಾಗಿ ನಿಲ್ಲಿಸಿದ್ದರು. ಅವಳು ಮೊದಲ ವರ್ಷವಿಡೀ ಆ ದಾರಿಯಲ್ಲಿ ಬೇಕಂತಲೇ ಹೋಗುತ್ತಿದ್ದಳು. ಬೆಳಗಿನ ಹೊತ್ತಿನಲ್ಲಿ ಕಲ್ಲುಗಳ ಮೇಲೆ ಏನೂ ಕಾಣುತ್ತಿರಲಿಲ್ಲ. ಬರಿಯ ಒರಟು ಬಂಡೆಗಳು.

ಮೇಡಂ ಹಾಳೆ ಹರಡಿಕೊಂಡು ನೋಡಿದರು. ನೋಡುತ್ತ ನೋಡುತ್ತ ಅವರ ಹುಬ್ಬು ಮೇಲೇರಿತು.

"ಏನಮ್ಮಾ ಇದು! ನಿಮ್ಮ ಇತಿಹಾಸ ದಿನಾ ಹತ್ತು ಗಂಟೆಗೆ ಶುರುವಾಗಿ ಒಂದು ಗಂಟೆಗೆ ಮುಗಿದುಹೋಗುತ್ತಲ್ಲ?"

ಅವಳು ನಾಲಿಗೆ ಕಚ್ಚಿಕೊಂಡಳು. "ಅಷ್ಟೇ ಆಗೋದು ಮೇಡಂ. ಮನೇಲಿ ಅತ್ತೆ ಇದ್ದಾರೆ, ಮಗು ಇದೆ."

"ಇರಲಿ, ಇರಬೇಕಾದ್ದೇ. ಆದರೆ ನೋಡಿ, ಹಡಗು, ಪ್ಲೇಗು, ರೈಲು. ಒಂದಕ್ಕೂ ಒಂದಕ್ಕೂ ಸಂಬಂಧವಿಲ್ಲ. ಪತ್ರಿಕೆ ಆರಿಸಿಕೊಂಡಿದ್ದು ನೀವೋ, ನಿಮ್ಮ ಮನೆ ಗಡಿಯಾರವೋ?"

"ಗಡಿಯಾರವೇ ಮೇಡಂ," ಎಂದಳು ಅವಳು. ಹೇಳಿದ ಮೇಲೆ ಇಬ್ಬರಿಗೂ ನಗು ಬಂತು.

ಸಹಿಗೆಂದು ಪೆನ್ನು ತೆರೆದ ಮೇಡಂ ತಡೆದರು. ಅವರ ಹೆಬ್ಬೆರಳು ಬುಧವಾರದ ಚೌಕದ ಮೇಲಿತ್ತು. ಬೆರಳಿಗೆ ಆ ನೂಲೆದ್ದ ಕಾಗದ ತಾಗಿರಬೇಕು. ಹಾಳೆಯನ್ನು ಎತ್ತಿ ಕಿಟಕಿಯ ಹತ್ತಿರ ಒಯ್ದು, ಕಣ್ಣ ಮಟ್ಟಕ್ಕೆ ಅಡ್ಡಡ್ಡ ಹಿಡಿದು, ಬೆಳಕು ಓರೆಯಾಗಿ ಬೀಳುವ ಹಾಗೆ ಸ್ವಲ್ಪ ವಾಲಿಸಿದರು. ಭೂತಗನ್ನಡಿ ಮುಟ್ಟಲೂ ಇಲ್ಲ.

"ಹಳೆಯ ಬರಹಗಳ ಓದು," ಎಂದು ಓದಿದರು. "ಒಂದು ಸಲವಲ್ಲ, ಹಲವು ಸಲ ಬರೆದಿದ್ದೀರಿ. ಒಂದರ ಮೇಲೊಂದು ಕೂತಿದೆ."

ಅವಳು ಹಾಳೆಗೆ ಕೈ ಚಾಚಿದಳು. "ಅದು ಅಳಿಸಿದ್ದೀನಿ ಮೇಡಂ."

"ಅಳಿಸಿದ್ದನ್ನ ಓದೋದೇ ನನ್ನ ಕಸುಬು ಕಣಮ್ಮ. ಎದುರಿಂದ ಬೆಳಕು ಬಿದ್ದರೆ ಸವೆದ ಅಕ್ಷರ ಕಾಣಲ್ಲ, ಪಕ್ಕದಿಂದ ಬಿದ್ದರೆ ಕಾಣುತ್ತೆ." ಅವರು ಕೂತರು, ಹಾಳೆಯನ್ನು ಸಹಿ ಹಾಕದೆ ಪಕ್ಕಕ್ಕಿಟ್ಟರು. "ಹೇಳಿ, ಯಾಕೆ ಬೇಕು? ಯಾಕೆ ಅಳಿಸಿದ್ರಿ?"

ಗಂಡನಿಗೂ ಹೇಳದೆ ಇದ್ದದ್ದನ್ನು ಅವಳು ಅಲ್ಲಿ ಕೂತು ಹೇಳಿದಳು. ತೊಟ್ಟಿ, ಚಪ್ಪಡಿ, ನೊರೆ, ಅಮ್ಮನ ಒದ್ದೆ ಕೈ. ಮೂಡಿದ ಗೆರೆಗಳಲ್ಲಿ ಒಂದು ಮಾತ್ರ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ ಎಂದಳು. ಮೇಡಂ ಒಂದು ಚೂರು ತೆಳು ಕಾಗದ ಮುಂದಕ್ಕೆ ತಳ್ಳಿದರು. ಅವಳು ಬರೆದಳು: ಒಂದು ಕೊಕ್ಕೆ, ಅದರ ಹೊಟ್ಟೆಯಲ್ಲಿ ಒಂದು ಅಡ್ಡಗೆರೆ, ಬಾಲ ಎಡಕ್ಕೆ.

ಮೇಡಂ ತುಂಬ ಹೊತ್ತು ನೋಡಿದರು. "ಇಂಥ ಅಕ್ಷರ ನಾನೆಲ್ಲೂ ಕಂಡಿಲ್ಲ."

ಅವಳ ಮುಖ ಸಪ್ಪಗಾಯಿತು. ಇಷ್ಟು ವರ್ಷ ಜೋಪಾನ ಮಾಡಿಕೊಂಡು ಬಂದದ್ದು ಬರಿಯ ಗೀಚು! "ನೆನಪು ತಪ್ಪಿರಬೇಕು ಮೇಡಂ. ಆಗ ನಾನು ತುಂಬ ಚಿಕ್ಕೋಳು."

"ತಾಳಿ, ತಾಳಿ. ನೀವು ಇದನ್ನ ನೋಡಿದ್ದು ಎಲ್ಲಿ? ಕಲ್ಲಿನ ಮೇಲೋ, ಕೈ ಮೇಲೋ?"

"ಕೈ ಮೇಲೆ. ಕಲ್ಲಿನ ಮೇಲೆ ಅಷ್ಟು ಚೆನ್ನಾಗಿ ಕಾಣ್ತಿರಲಿಲ್ಲ."

ಮೇಡಂ ಚೀಟಿಯನ್ನು ತಿರುವಿ, ಕಿಟಕಿಯ ಗಾಜಿಗೆ ಒತ್ತಿ ಹಿಡಿದರು. ತೆಳು ಕಾಗದದ ಹಿಂಬದಿಯಿಂದ ಕೊಕ್ಕೆ ಈಗ ಬಲಕ್ಕೆ ತಿರುಗಿ ಕಾಣಿಸಿತು.

"ಇಲ್ಲಿದೆ ನೋಡಿ. ನಿಮ್ಮ ನೆನಪು ಸರಿಯಾಗೇ ಇದೆ. ನೀವು ನೆನಪಿಟ್ಟಿರೋದು ಅಚ್ಚು, ಮೂಲವಲ್ಲ. ನಾವು ಒದ್ದೆ ಕಾಗದ ಕಲ್ಲಿಗೆ ಬಡಿದು ಅಚ್ಚು ತೆಗೀತೀವಲ್ಲ, ಅದರ ಒಳಮೈಯೂ ಹೀಗೇ ಉಲ್ಟಾ ಇರುತ್ತೆ. ಈ ಅಕ್ಷರ ನನಗೆ ಚೆನ್ನಾಗಿ ಗೊತ್ತು."

ಅವಳು ಗಾಜಿನ ಹತ್ತಿರ ಬಂದಳು. "ಏನಂತ ಬರೆದಿರಬಹುದು ಮೇಡಂ?"

"ಒಂದಕ್ಷರ ಇಟ್ಟುಕೊಂಡು ನಾನು ಸುಳ್ಳು ಹೇಳಬಾರದು. ಯಾರದೋ ಹೆಸರಿನ ಕೊನೆ ಇರಬಹುದು, ಯಾವುದೋ ಊರಿನ ಮೊದಲಿರಬಹುದು. ಕಲ್ಲಿಲ್ಲದೆ ಅದು ಯಾರಿಗೂ ಗೊತ್ತಾಗಲ್ಲ." ಚೀಟಿಯನ್ನು ಅವಳಿಗೆ ಮರಳಿಸಿ, "ಆದರೆ ಇಂಥ ಕಲ್ಲು ಏನೇನು ಹೇಳ್ತವೆ ಅಂತ ಗೊತ್ತಾಗುತ್ತೆ. ಅಷ್ಟು ಕಲಿಸಬಲ್ಲೆ," ಎಂದರು.

ಅವಳು ಕೇಳಬೇಕೆಂದುಕೊಂಡಿದ್ದನ್ನು ಕೊನೆಗೆ ಕೇಳಿಯೇಬಿಟ್ಟಳು. ಈ ತರಗತಿ ಬೆಳಿಗ್ಗೆಗೆ ಬದಲಾಯಿಸೋಕಾಗಲ್ವಾ?

ಮೇಡಂ ಮೊಗಸಾಲೆಯ ಕಡೆ ಕೈ ತೋರಿಸಿದರು. ಅದರ ಕಿಟಕಿಗಳೆಲ್ಲ ಪಡುವಣಕ್ಕೆ. "ಬೆಳಿಗ್ಗೆ ಆ ಕಲ್ಲುಗಳು ಮೂಗರು. ಮೂರು ಗಂಟೆ ಆಗಬೇಕು, ಬಿಸಿಲು ಇಳಿದು ಪಕ್ಕದಿಂದ ಬರಬೇಕು, ಆಗ ಬಾಯಿ ಬಿಡ್ತವೆ. ಇನ್ನೂ ಒಂದು ವಿಷಯ. ಬರೋ ವರ್ಷದ ಕೊನೆಗೆ ನಾನು ನಿವೃತ್ತಿ. ನನ್ನ ಜೊತೆಗೆ ಈ ಪತ್ರಿಕೆಯೂ ಮುಚ್ಚುತ್ತೆ. ಹೊಸಬರು ಯಾರೂ ಸಿಕ್ಕಿಲ್ಲ."

ಮೇಡಂ ಅಲ್ಲೇ ಪೆನ್ಸಿಲು ಹಿಡಿದು ಹಾಳೆಯ ಮೇಲೆ ಒಂದು ದಾರಿ ಮಾಡಿ ತೋರಿಸಿದರು. ಬುಧವಾರ ಇಡೀ ದಿನ ಮನೆ ಬಿಡಲಾಗದಿದ್ದರೆ ಬೆಳಗಿನದನ್ನು ಬಿಡಬೇಕು. ಬೆಳಗಿನದು ಕಡ್ಡಾಯ, ಆಚೆ ವರ್ಷ ತಗೊಳ್ಳಬಹುದು, ಆದರೆ ಅದರ ಹಿಂದೆ ಕೊನೆಯ ವರ್ಷದ ಪತ್ರಿಕೆಗಳೆಲ್ಲ ಒಂದು ವರ್ಷ ಮುಂದಕ್ಕೆ ಹೋಗುತ್ತವೆ. ಮೂರು ವರ್ಷದ ಪದವಿ ನಾಲ್ಕು ವರ್ಷದ್ದಾಗುತ್ತದೆ. "ಯೋಚನೆ ಮಾಡಿ. ಶುಕ್ರವಾರ ಸಂಜೆವರೆಗೆ ಇಲ್ಲೇ ಇರ್ತೀನಿ," ಎಂದು ಸಹಿಯಿಲ್ಲದ ಹಾಳೆಯನ್ನು ಸುರುಳಿ ಸುತ್ತಿ ಅವಳ ಕೈಗಿಟ್ಟರು.

*

ಮನೆಗೆ ಬಂದಾಗ ಗಂಡ ಉಂಡು ಕೈ ತೊಳೆಯುತ್ತಿದ್ದ. ಅವನ ಮುಂಗೈ ಕೂದಲಲ್ಲಿ ಯಾವಾಗಲೂ ಒಂದಿಷ್ಟು ಹಿಟ್ಟು ಉಳಿದಿರುತ್ತಿತ್ತು. ಅವಳು ಬಾಗಿಲಲ್ಲೇ ನಿಂತು ಬುಧವಾರದ ತರಗತಿ, ಮುಂದಕ್ಕೆ ಹೋಗುವ ವರ್ಷ, ಎಲ್ಲ ಒಂದೇ ಉಸಿರಿಗೆ ಹೇಳಿದಳು. ಹೇಳದಿದ್ದರೆ ಧೈರ್ಯ ಆರಿಹೋಗುತ್ತದೆ ಎಂದು ಅವಳಿಗೆ ಗೊತ್ತಿತ್ತು.

"ಬುಧವಾರ ಮಧ್ಯಾಹ್ನ ನಾನು ಮಲಗಲ್ಲ, ಅಷ್ಟೇ ತಾನೇ?" ಎಂದ ಅವನು. "ಅದಕ್ಕೆ ಇಷ್ಟು ಪೀಠಿಕೆನಾ?"

"ಮಲಗದೆ ಏನು ಮಾಡ್ತೀಯೋ?" ಕುರ್ಚಿಯಿಂದ ಅತ್ತೆಯ ದನಿ ಬಂತು. "ಹೋದ ಸಲ ನಿದ್ದೆಗೆಟ್ಟು ಇಡೀ ಬೀದಿಗೆ ಉಪ್ಪಿಲ್ಲದ ಬ್ರೆಡ್ ತಿನ್ನಿಸಿದ್ದೆ. ಟೈಲರ್ ಬಂದು ನನ್ನನ್ನ ಕೇಳಿದ, ನಿಮ್ಮ ಮಗನಿಗೆ ಡಾಕ್ಟ್ರು ಉಪ್ಪು ಬಿಡೋಕೆ ಹೇಳಿದ್ದಾರಾ ಅಂತ."

"ಅಮ್ಮಾ, ಅದು ಒಂದೇ ದಿನ."

"ಒಂದು ದಿನಕ್ಕೇ ಊರೆಲ್ಲ ನೆನಪಿಟ್ಟುಕೊಂಡಿದೆ. ಬಿಡು, ನೀನು ಮಲಗು. ಮಗು ನನ್ನ ಕಣ್ಣೆದುರು ಇರುತ್ತೆ. ನಾನೇನು ಓಡಿ ಹೋಗ್ತೀನಾ?" ಎಂದ ಅತ್ತೆ ಅಲ್ಲಿಗೇ ಬಿಡಲಿಲ್ಲ. ಅವರ ಕಿವಿಗೆ ಬೀಳಬೇಕಾದದ್ದು ಬಿದ್ದಾಗಿತ್ತು. "ಅದಿರಲಿ. ನಾಲ್ಕು ವರ್ಷ ಅಂದ ಹಾಗಾಯ್ತಲ್ಲ?"

ಗಂಡ ಮೆಲ್ಲಗೆ ಒಳಕೋಣೆಗೆ ಜಾರಿಕೊಂಡ. ತಾಯಿ ಹೆಂಡತಿ ಮಾತಾಡುವಾಗ ಜಾರಿಕೊಳ್ಳುವುದರಲ್ಲಿ ಅವನದು ಎತ್ತಿದ ಕೈ.

ಅವಳು ಬಾಚಣಿಗೆ ತಂದು ಅತ್ತೆಯ ಹಿಂದೆ ನಿಂತಳು. ಮಧ್ಯಾಹ್ನ ತಲೆ ಬಾಚುವುದು ದಿನದ ಪದ್ಧತಿ. ಮುಖ ನೋಡದೆ ಮಾತಾಡಲು ಅದಕ್ಕಿಂತ ಒಳ್ಳೆಯ ಹೊತ್ತು ಆ ಮನೆಯಲ್ಲಿ ಇರಲಿಲ್ಲ. ಅತ್ತೆಯ ಕೂದಲು ಈಗ ಒಂದು ಹಿಡಿಯಾಗಿತ್ತು.

"ಮೂರೇ ಅಂದಿದ್ದೆ ನೀನು."

"ಹೌದತ್ತೆ."

"ನಾನು ಮೂರಕ್ಕೇ ತಯಾರಾಗಿ ಕೂತಿರೋಳು. ನಾಲ್ಕು ಅಂದ್ರೆ ಹೇಗೆ? ನನ್ನದು ನಿನ್ನ ಕಾಲೇಜಿನ ಹಾಗಾ, ಮುಂದೂಡೋಕೆ?"

ಅವಳ ಕೈ ನಿಂತಿತು. ತಮಾಷೆಯ ದನಿಯೇ, ಆದರೆ ಬಾಚಣಿಗೆಯ ಕೆಳಗೆ ಆ ತಲೆ ಸಣ್ಣಗೆ ಅದುರುತ್ತಿತ್ತು. ಇಬ್ಬರೂ ಎದುರು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು.

"ಏನು ಕಲಿಸ್ತಾರಂತೆ ಅದರಲ್ಲಿ?"

ಅವಳು ಅತ್ತೆಗೂ ಕಲ್ಲಿನ ಕತೆ ಹೇಳಿದಳು. ಅತ್ತೆ ಒಮ್ಮೆಯೂ ಬಾಯಿ ಹಾಕಲಿಲ್ಲ, ಅದೇ ಒಂದು ಆಶ್ಚರ್ಯ.

"ಆ ಕಲ್ಲು ಈಗೆಲ್ಲಿದೆ?"

"ಇಲ್ಲ. ರಸ್ತೆ ಕೆಳಗೆ ಹೋಗಿರಬೇಕು."

"ಇಲ್ಲದೆ ಇರೋ ಕಲ್ಲಿಗೋಸ್ಕರ ಇರೋ ನನ್ನನ್ನ ಇನ್ನೊಂದು ವರ್ಷ ಕಾಯಿಸ್ತೀಯಾ?"

ಅವಳು ಜಡೆಯ ತುದಿಗೆ ರಬ್ಬರ್ ಬ್ಯಾಂಡು ಹಾಕಿ, "ಬೇಡ ಅಂದ್ರೆ ಬಿಡ್ತೀನಿ ಅತ್ತೆ," ಎಂದಳು. ಆ ಮಾತು ನಿಜವಾಗಿಯೇ ಹೇಳಿದ್ದು. ಬಿಡುವುದು ಅವಳಿಗೆ ಹೊಸದಲ್ಲ. ಹೇಗೆ ಬಿಡಬೇಕೆಂದು ಕೈಗೆ ಗೊತ್ತಿತ್ತು, ರಬ್ಬರು ಹಿಡಿದು ಉಜ್ಜುವ ಹಾಗೆ.

ಅಂದು ಸಂಜೆ ಅವಳು ಹಾಳೆ ಬಿಡಿಸಿ ಬುಧವಾರದ ಬೆಳಗಿನ ಚೌಕದಲ್ಲಿ ಕಡ್ಡಾಯ ಪತ್ರಿಕೆಯನ್ನು ಮತ್ತೆ ದಪ್ಪಗೆ ತಿದ್ದಿದಳು. ಮಧ್ಯಾಹ್ನದ ಚೌಕವನ್ನು ಹಾಗೇ ಬಿಟ್ಟಳು. ಅದನ್ನು ಇನ್ನೊಮ್ಮೆ ಉಜ್ಜಿದರೆ ತೂತೇ ಬೀಳುತ್ತಿತ್ತು. ಗಿಣಿ ಮೇಜಿನ ಆಚೆ ಕಡೆ ಕೂತು ಬ್ರೆಡ್ಡಿನ ಅಂಚು ಕಚ್ಚುತ್ತ, "ಅಮ್ಮಾ, ಈ ಉಜ್ಜಿದ ಮನೆ ಯಾಕೆ ಖಾಲಿ? ಅಲ್ಲಿ ಯಾರಿರ್ತಾರೆ?" ಎಂದು ಕೇಳಿದಳು. "ಯಾರೂ ಇಲ್ಲ ಕಂದ, ಬಾಡಿಗೆಗೆ ಇದೆ," ಎಂದು ನಗಿಸಿ, ಹಾಳೆ ಸುತ್ತಿಟ್ಟು ಸಾರು ಬಿಸಿಗಿಟ್ಟಳು. ಸೌಟು ತಿರುವುವ ಬಲ ಮುಂಗೈಯನ್ನು ಅವಳ ಎಡಗೈ ತಾನಾಗಿಯೇ ಸವರುತ್ತಿತ್ತು.

"ಏನೇ," ಎಂದರು ಅತ್ತೆ ಕುರ್ಚಿಯಿಂದ. "ನಿಮ್ಮಮ್ಮ ಏನೇನು ಓದ್ತಿದ್ರು ಅಂದೆ? ಹಾಲು ಕುಡಿದಿಲ್ಲ ಅಂತಾನಾ?"

"ಹೌದತ್ತೆ. ಒಂದು ದಿನ ಅಪ್ಪನ ಪೆನ್ನು ಮುರಿದದ್ದೂ ಓದಿದ್ರು. ನಾನು ಹೆದರಿ ಅಳೋಕೆ ಶುರು ಮಾಡಿದ್ದೆ, ಕಲ್ಲಿಗೆ ಎಲ್ಲ ಗೊತ್ತಾಗುತ್ತೆ ಅಂತ."

ಅತ್ತೆ ನಕ್ಕರು. ಹೊಟ್ಟೆ ಹಿಡಿದುಕೊಂಡು, ಸೊಂಟ ನೋಯುತ್ತದೆ ಸುಮ್ಮನಿರೇ ಎನ್ನುತ್ತ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. "ಘಾಟಿ ಹೆಂಗಸು! ನಾನು ನೋಡಬೇಕಿತ್ತು ಅವರನ್ನ." ನೀರು ಒರೆಸಿಕೊಂಡ ಮೇಲೂ ಅವರ ಕೈ ಕಣ್ಣ ಹತ್ತಿರವೇ ಉಳಿಯಿತು. "ನಮ್ಮಮ್ಮನ ಮುಖ ಈಗ ನನಗೆ ನೆನಪಿಗೇ ಬರಲ್ಲ ಕಣೇ. ಎಷ್ಟು ತಿಣುಕಿದರೂ ಬರಲ್ಲ. ಸೆರಗಿನ ವಾಸನೆ ಮಾತ್ರ ಇದೆ."

ಅಷ್ಟು ಹೇಳಿ ಕಿಟಕಿಯ ಕಡೆ ತಿರುಗಿಕೊಂಡರು. ರಸ್ತೆಯಲ್ಲಿ ಯಾರೂ ಇರಲಿಲ್ಲ.

*

ಶುಕ್ರವಾರ ಬೇಕರಿಗೆ ರಜೆ. ಗಂಡ ಮನೆಯಲ್ಲಿದ್ದ. ಅವಳು ಹಾಳೆಯನ್ನು ಕಂಕುಳಲ್ಲಿಟ್ಟುಕೊಂಡು ಚಪ್ಪಲಿ ಮೆಟ್ಟುತ್ತಿದ್ದಾಗ ಅತ್ತೆ ಮಗನನ್ನು ಕೂಗಿದರು.

"ಲೋ, ಹೊಲಿಗೆ ಮೆಷಿನ್ ಎಣ್ಣೆ ಇದೆಯಲ್ಲ, ಒಂದು ಚೂರು ಬಟ್ಟೆಗೆ ಹಾಕ್ಕೊಂಡು ಬಾ. ಆ ಮೊಳೆಗೆ ಸವರು."

"ಯಾವ ಮೊಳೆ?"

"ಕ್ಯಾಲೆಂಡರ್ ಮೊಳೆ ಕಣೋ. ಇನ್ನು ಮೂರು ವರ್ಷ ಗೋಡೆಯಲ್ಲಿರಬೇಕು. ತುಕ್ಕು ಹಿಡಿದರೆ ಫೋಟೋ ಬಿದ್ದು ಗಾಜು ಒಡೆಯುತ್ತೆ."

ಗಂಡ ಬೆರಳು ಮಡಿಸಿದ. "ಎರಡಲ್ವೇನಮ್ಮಾ? ಮೂರರಲ್ಲಿ ಒಂದು ಮುಗೀತಲ್ಲ."

"ನಿನಗೆ ಬ್ರೆಡ್ ಲೆಕ್ಕ ಬಿಟ್ಟು ಬೇರೇನೂ ಬರಲ್ಲ. ನಾಲ್ಕರಲ್ಲಿ ಒಂದು ಮುಗೀತು, ಇನ್ನು ಮೂರು," ಎಂದರು ಅತ್ತೆ. ಸೊಸೆಯ ಕಡೆ ನೋಡಲಿಲ್ಲ. "ಅವಳ ಕೈಲಿ ಎಣ್ಣೆ ಹಚ್ಚಿಸಬೇಡ, ಹಾಳೆಗೆ ಮೆತ್ತುತ್ತೆ. ಹೊರಡೇ ನೀನು, ಬಾಗಿಲಲ್ಲಿ ನಿಂತು ಬೆಳಕು ತಡೀಬೇಡ. ರಸ್ತೆ ಕಾಣಲ್ಲ ನನಗೆ."

ಅವಳು ಬಾಗಿಲಲ್ಲೇ ನಿಂತಿದ್ದಳು. ಒಂದು ಚಪ್ಪಲಿ ಕಾಲಲ್ಲಿ, ಇನ್ನೊಂದು ಹೊಸ್ತಿಲಲ್ಲಿ.

"ಅತ್ತೆ..."

"ಏನು ಅತ್ತೆ? ಇರ್ತೀನಿ ಅಂದೆನಲ್ಲ. ಬರೆದು ಬೇಕಾದ್ರೆ ಕೊಡ್ತೀನಿ, ಕಲ್ಲ ಮೇಲೆ ಕೆತ್ತಿಸ್ಕೋ."

ಕಾಲೇಜಿಗೆ ಬಸ್ಸಿನಲ್ಲಿ ಹೋಗುವಾಗ ಅವಳು ತೊಡೆಯ ಮೇಲೆ ಹಾಳೆ ಹರಡಿ ಬುಧವಾರದ ಬೆಳಗಿನ ಚೌಕವನ್ನು ಅಳಿಸಿದಳು. ಮಧ್ಯಾಹ್ನದ ತೆಳು ಚೌಕದಲ್ಲಿ ಪೆನ್ಸಿಲಲ್ಲ, ಪೆನ್ನಿನಿಂದ ಬರೆದಳು. ಶಾಯಿ ಆ ಸವೆದ ಕಾಗದಕ್ಕೆ ಹರಡಿ ಹಿಂಬದಿಗೂ ಇಳಿಯಿತು.

*

ಮೊದಲ ಬುಧವಾರ ಮೊಗಸಾಲೆಯಲ್ಲಿ ಅವಳೂ ಸೇರಿ ಬೆರಳೆಣಿಕೆಯ ವಿದ್ಯಾರ್ಥಿಗಳಿದ್ದರು. ಮೇಡಂ ಪಾಠ ಶುರು ಮಾಡಲಿಲ್ಲ. ಸುಮ್ಮನೆ ನಿಂತು ಕಾಯಿರಿ ಎಂದರು. ಪಡುವಣದ ಕಿಟಕಿಗಳಿಂದ ಬಿಸಿಲು ನೆಲದ ಮೇಲೆ ತೆವಳುತ್ತ ಬಂದು ಕಲ್ಲುಗಳ ಬುಡ ಮುಟ್ಟಿತು, ಮೆಲ್ಲಗೆ ಏರಿತು. ಒರಟು ಬಂಡೆಯ ಮೈಮೇಲೆ ಒಂದು ನೆರಳು, ಇನ್ನೊಂದು ನೆರಳು, ಆಮೇಲೆ ಸಾಲು. ಮೊದಲ ವರ್ಷವಿಡೀ ಅವಳು ಹಾದುಹೋದ ಕಲ್ಲುಗಳ ತುಂಬ ಅಕ್ಷರಗಳಿದ್ದವು. ಯಾರೋ ಎಂದೋ ಹೇಳಬೇಕೆಂದುಕೊಂಡು ಕಲ್ಲಿಗೆ ಒಪ್ಪಿಸಿಹೋದ ಮಾತುಗಳು. ಅವಳು ಒಂದನ್ನೂ ಓದಲಾರಳು. ಮೂರನೆಯ ಕಲ್ಲಿನ ಅಂಚಿನಲ್ಲಿ ಆ ಕೊಕ್ಕೆ ಕಂಡಿತು, ಹೊಟ್ಟೆಯಲ್ಲಿ ಅಡ್ಡಗೆರೆ, ಬಾಲ ಬಲಕ್ಕೆ. ಸರಿಯಾದದ್ದೇ, ಆದರೂ ಅವಳ ಕಣ್ಣಿಗೆ ಅದು ತಿರುಗುಮುರುಗು. ಅವಳ ಕೈ ಮುಂದಕ್ಕೆ ಹೋಯಿತು.

"ಮುಟ್ಟಬಾರದಮ್ಮ," ಎಂದರು ಮೇಡಂ, ಹತ್ತಿರ ಬಂದು, ಅವಳಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ. "ಕೈಯ ಬೆವರು ಕಲ್ಲಿಗೆ ಆಗಲ್ಲ."

ಅವಳು ಕೈ ಹಿಂದಕ್ಕೆ ತೆಗೆದುಕೊಂಡು ಎದೆಗೊತ್ತಿ ನಿಂತಳು. ಬಿಸಿಲಿರುವವರೆಗೂ ನೋಡಿದಳು.

ಮನೆಯ ಬಾಗಿಲು ತೆರೆದಾಗ ಒಳಗೆ ಸದ್ದಿರಲಿಲ್ಲ. ಗಂಡ ಕೋಣೆಯಲ್ಲಿ ಗೊರಕೆ ಹೊಡೆಯುತ್ತಿದ್ದ. ಗಿಣಿ ಅಜ್ಜಿಯ ಕಾಲ ಬಳಿ ನೆಲದ ಮೇಲೆ ಕೂತು, ಬೆತ್ತದ ಕುರ್ಚಿಯ ಪಕ್ಕೆಗೆ ಕೆನ್ನೆಯೊತ್ತಿ ನಿದ್ದೆ ಹೋಗಿದ್ದಳು. ಅತ್ತೆ ಅಲುಗದೆ ಕೂತಿದ್ದರು. ಒಂದು ಕೈ ಮೊಮ್ಮಗಳ ತಲೆಯ ಮೇಲಿತ್ತು.

"ಸದ್ದು ಮಾಡಬೇಡ," ಎಂದು ಪಿಸುಗುಟ್ಟಿದರು. "ಅಮ್ಮ ಯಾವಾಗ ಬರ್ತಾಳೆ, ಅಮ್ಮ ಯಾವಾಗ ಬರ್ತಾಳೆ ಅಂತ ನನ್ನ ಕಿವಿ ತೂತು ಮಾಡಿ ಈಗ ಮಲಗಿದೆ. ನನ್ನ ಕೈ ಜೋಮು ಹಿಡಿದುಹೋಯ್ತು."

ಅವಳು ಬಗ್ಗಿ ಮಗಳನ್ನು ಎತ್ತಿಕೊಂಡಳು. ಗಿಣಿ ಅರೆಗಣ್ಣು ತೆರೆದಳು. ಎಡಗೆನ್ನೆಯ ತುಂಬ ಬೆತ್ತದ ಹೆಣಿಗೆ ಕೆಂಪಗೆ ಮೂಡಿತ್ತು. ಕಿಟಕಿಯಿಂದ ಉಳಿದಷ್ಟು ಬಿಸಿಲು ಓರೆಯಾಗಿ ಬರುತ್ತಿತ್ತು. ಅವಳು ಆ ಪುಟ್ಟ ಮುಖವನ್ನು ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು. ಬಿಸಿಲಲ್ಲಿ ಗೆರೆಗಳು ಎದ್ದು ನಿಂತವು.

"ಏನಮ್ಮಾ ನೋಡ್ತಿದ್ದೀಯ?"

"ಏನೋ ಬರೆದಿದೆ ನಿನ್ನ ಕೆನ್ನೆ ಮೇಲೆ."

"ಏನಂತ?"

ಅವಳು ಕಣ್ಣು ಕಿರಿದು ಮಾಡಿದಳು. ಆಮೇಲೆ, ತನ್ನದಲ್ಲದ, ಬಹಳ ದಿನದಿಂದ ಕೇಳದಿದ್ದ ಒಂದು ಏರಿಳಿತದಲ್ಲಿ ಓದಿದಳು.

"ಈ ಹುಡುಗಿ ಇವತ್ತು ಹಾಲು ಕುಡಿದಿಲ್ಲ ಅಂತ ಬರೆದಿದೆ."

"ಸುಳ್ಳು!" ಅತ್ತೆ ಕುರ್ಚಿಯಿಂದ ಗದರಿದರು. "ಲೋಟ ತುಂಬ ಕುಡಿಸಿದ್ದೀನಿ. ನಾಲ್ಕು ವರ್ಷ ಓದೋಳಿಗೆ ಇಷ್ಟು ಸರಿಯಾಗಿ ಓದೋಕೆ ಬರಲ್ವಾ? ಇನ್ನೊಂದು ಸಲ ನೋಡು!"

ಗಿಣಿ ನಿದ್ದೆಗಣ್ಣಲ್ಲೇ ನಕ್ಕು ಅಮ್ಮನ ಕುತ್ತಿಗೆ ತಬ್ಬಿಕೊಂಡಳು. ಅವಳು ಇನ್ನೊಂದು ಸಲ ನೋಡಿದಳು. ಗೆರೆಗಳು ಆಗಲೇ ಮಾಸತೊಡಗಿದ್ದವು; ಅವಳು ನೋಡುತ್ತಲೇ ಇದ್ದಳು.